ಪೀಣ್ಯ ಕಡೆಯ ಗಾರ್ಡ್ ತರಬೇತಿ ಕೇಂದ್ರ: ಡ್ರಿಲ್ ಅಚ್ಚುಕಟ್ಟು, ಕಾನೂನು ಪಾಠ ಹಳೇದು

ಪೀಣ್ಯ ಕಡೆ ಇರುವ ಒಂದು ಸೆಕ್ಯುರಿಟಿ ಗಾರ್ಡ್ ತರಬೇತಿ ಕೇಂದ್ರದ ವಿಮರ್ಶೆ ಇದು. ಹೆಸರು ಹಾಕಿಲ್ಲ. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಮತ್ತು ಸಣ್ಣ ಏಜೆನ್ಸಿ ನಡೆಸುವವರು ಯಾವ ಕೇಂದ್ರಕ್ಕೆ ಹೋದರೂ ಏನನ್ನು ಕೇಳಿ ನೋಡಬೇಕು ಅನ್ನುವುದು ಮುಖ್ಯ.

ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳನ್ನು ನಿಯಂತ್ರಿಸುವ, ಪಸಾರ ಎಂದೇ ಎಲ್ಲರೂ ಕರೆಯುವ 2005ರ ಕಾಯ್ದೆಯ ಕೇಂದ್ರ ಮಾದರಿ ನಿಯಮಗಳ ಪ್ರಕಾರ, ಹೊಸ ಗಾರ್ಡ್‌ಗೆ ಕನಿಷ್ಠ 100 ಗಂಟೆ ತರಗತಿ, 60 ಗಂಟೆ ಫೀಲ್ಡ್ ತರಬೇತಿ ಆಗಬೇಕು. ಅದೂ ಕನಿಷ್ಠ 20 ಕೆಲಸದ ದಿನಗಳಲ್ಲಿ. ಮಾಜಿ ಸೈನಿಕರಿಗೆ, ಮಾಜಿ ಪೊಲೀಸರಿಗೆ 40 ಮತ್ತು 16 ಗಂಟೆ, ಏಳು ದಿನ. ಲೆಕ್ಕ ಸರಳ: 20 ದಿನಕ್ಕೆ ಹಂಚಿದರೆ ದಿನಕ್ಕೆ ಎಂಟು ಗಂಟೆ. ಹತ್ತೇ ದಿನಕ್ಕೆ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವವರು ದಿನಕ್ಕೆ 16 ಗಂಟೆ ಕೂರಿಸಬೇಕಾಗುತ್ತದೆ, ಅದು ಆಗದ ಮಾತು. ಈ ಕೇಂದ್ರದ ಹಾಜರಿ ಪುಸ್ತಕದಲ್ಲಿ ಬೆಳಗ್ಗೆ, ಮಧ್ಯಾಹ್ನ ಎರಡು ಹೊತ್ತೂ ಸಹಿ ಇದೆ, 20 ದಿನವೂ ತುಂಬಿದೆ. ಇಷ್ಟರಲ್ಲಿ ಪೂರ್ತಿ ಅಂಕ.

ಅಂಕ ಹೋಗುವುದು ಕಲಿಸುವವರ ಅರ್ಹತೆಯಲ್ಲಿ. ಕೇಂದ್ರದ ಗೋಡೆ ಮೇಲೆ ನಿರ್ದೇಶಕರು ಸೇನೆಯಲ್ಲಿದ್ದಾಗಿನ ದೊಡ್ಡ ಫೋಟೋ ಇದೆ, ಗೌರವದ ವಿಷಯವೇ. ಆದರೆ ಸೇನೆಯ ಡಿಸ್ಚಾರ್ಜ್ ಬುಕ್ ಸೇವೆಗೆ ಸಾಕ್ಷಿ, ಪ್ರಥಮ ಚಿಕಿತ್ಸೆ ಕಲಿಸುವ ಅರ್ಹತೆಗೆ ಅಲ್ಲ. ಪಠ್ಯದಲ್ಲಿ ದೈಹಿಕ ಕಸರತ್ತಿನಿಂದ ಹಿಡಿದು ಬೆಂಕಿ ಆರಿಸುವುದು, ಗುರುತಿನ ಚೀಟಿ ಪರಿಶೀಲನೆ, ಬಾಂಬ್ ಪತ್ತೆ, ಕಾನೂನಿನ ಪ್ರಾಥಮಿಕ ಅರಿವಿನವರೆಗೆ ಬೇರೆ ಬೇರೆ ವಿಷಯಗಳಿವೆ. ಒಬ್ಬರೇ ಎಲ್ಲವನ್ನೂ ಕಲಿಸಿದರೆ ಯಾವುದೋ ಒಂದು ಸೊರಗುತ್ತದೆ.

ಡ್ರಿಲ್ ಕಲಿಸುವವರು ನಿವೃತ್ತ ಹವಾಲ್ದಾರ್. ಕೆಲಸ ಅಚ್ಚುಕಟ್ಟು. ಆರು ನಿಮಿಷದಲ್ಲಿ ಒಂದು ಕಿಲೋಮೀಟರ್ ಓಡುವ ಪರೀಕ್ಷೆಗೆ ಹುಡುಗರನ್ನು ಹಂತ ಹಂತವಾಗಿ ಹದಗೊಳಿಸುತ್ತಾರೆ, ಮೊದಲ ದಿನವೇ ಓಡಿಸಿ ಕಾಲು ನೋಯಿಸುವುದಿಲ್ಲ. ಅಸ್ಸಾಂ, ಒಡಿಶಾದಿಂದ ಬಂದವರಿಗೆ ಹಿಂದಿಯಲ್ಲಿ ಹೇಳಿ, ಗೇಟಿನಲ್ಲಿ ಬೇಕಾಗುವ ‘ಯಾರನ್ನ ನೋಡಬೇಕು ಸಾರ್’, ‘ಸ್ವಲ್ಪ ನಿಲ್ಲಿ, ಫೋನ್ ಮಾಡ್ತೀನಿ’ ಇಂಥವನ್ನು ಕನ್ನಡದಲ್ಲೇ ಹೇಳಿಸುತ್ತಾರೆ. ಬೆಂಗಳೂರಿನಲ್ಲಿ ಇದು ಡ್ರಿಲ್‌ನಷ್ಟೇ ಮುಖ್ಯ.

ಬೆಂಕಿ ಪಾಠವೂ ಒಳ್ಳೆಯದು. ಬೆಂಕಿ ಆರಿಸುವ ಸಿಲಿಂಡರ್ ತೋರಿಸಿ ಸುಮ್ಮನಾಗದೆ, ಪ್ರತಿಯೊಬ್ಬರ ಕೈಲೂ ಪಿನ್ ಎಳೆಸುತ್ತಾರೆ. ಜ್ವಾಲೆಯ ತುದಿಗಲ್ಲ, ಬುಡಕ್ಕೆ ಹಿಡಿಸುತ್ತಾರೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಲ್ಲಿ ಗ್ಯಾಸ್ ಹೊರಬರುವ ಕೊಂಬನ್ನು ಬರಿಗೈಯಲ್ಲಿ ಹಿಡಿದರೆ ಚಳಿಗೆ ಚರ್ಮ ಸುಟ್ಟಂತಾಗುತ್ತದೆ ಎಂಬುದನ್ನೂ ಹೇಳಿಕೊಟ್ಟರು.

ಪ್ರಥಮ ಚಿಕಿತ್ಸೆ ಹಾಗಲ್ಲ. ಕಲಿಸುವವರು ತೋರಿಸಿದ ಸರ್ಟಿಫಿಕೇಟ್‌ನ ಅವಧಿ ಮುಗಿದಿತ್ತು, ಅದೂ ಕಲಿತದ್ದರ ಸರ್ಟಿಫಿಕೇಟ್, ಕಲಿಸುವುದರದ್ದಲ್ಲ. ಪರಿಣಾಮ ಎದೆ ಒತ್ತುವ ಅಭ್ಯಾಸಕ್ಕಿಟ್ಟ ಬೊಂಬೆಯ ಮೇಲೇ ಕಾಣುತ್ತದೆ. ಹೃದಯ ನಿಂತವರ ಎದೆ ಒತ್ತಬೇಕಾದದ್ದು ನಿಮಿಷಕ್ಕೆ 100ರಿಂದ 120 ಸಲ, ಆಳ 5ರಿಂದ 6 ಸೆಂಟಿಮೀಟರ್. 30 ಸಲ ಒತ್ತಿ ಎರಡು ಸಲ ಉಸಿರು. ಬೊಂಬೆಯೊಳಗಿನ ಸ್ಪ್ರಿಂಗ್ ಸಡಿಲವಾಗಿ, ಸರಿಯಾದ ಆಳಕ್ಕೆ ಬರಬೇಕಾದ ಟಿಕ್ ಶಬ್ದವೇ ಬರುತ್ತಿರಲಿಲ್ಲ. ಹುಡುಗರು ಮೊಣಕೈ ಮಡಚಿ ಮೆಲ್ಲಗೆ ಅದುಮುತ್ತಿದ್ದರು, ಯಾರೂ ತಿದ್ದಲಿಲ್ಲ. ಹೀಗೆ ಕಲಿತವನ ಕೈಯಲ್ಲಿ, ಲಿಫ್ಟ್ ಮುಂದೆ ಕುಸಿದು ಬಿದ್ದ ಅಜ್ಜನ ಜೀವ ಉಳಿಯುವುದು ಕಷ್ಟ.

ಕಾನೂನು ಪಾಠದ್ದು ಇನ್ನೂ ದೊಡ್ಡ ತಪ್ಪು. ಜೆರಾಕ್ಸ್ ನೋಟ್ಸ್‌ನಲ್ಲಿ ಎಫ್ಐಆರ್‌ಗೆ ಸೆಕ್ಷನ್ 154, ಸ್ವರಕ್ಷಣೆಗೆ 96ರಿಂದ 106 ಎಂದೇ ಇದೆ. 2024ರ ಜುಲೈ 1ರಿಂದ ಹಳೆಯ ಅಪರಾಧ ಕಾನೂನುಗಳ ಬದಲು ಹೊಸ ಸಂಹಿತೆಗಳು ಜಾರಿಯಲ್ಲಿವೆ. ಎಫ್ಐಆರ್ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರಲ್ಲಿದೆ, ಸ್ವರಕ್ಷಣೆ ನ್ಯಾಯ ಸಂಹಿತೆಯ 34ರಿಂದ 44ರಲ್ಲಿ. ಬರೀ ನಂಬರ್ ಬದಲಾಗಿದ್ದರೆ ಬಿಡಬಹುದಿತ್ತು. ಖಾಸಗಿ ವ್ಯಕ್ತಿ ಯಾರನ್ನಾದರೂ ಹಿಡಿದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 40 ಈಗ ಸ್ಪಷ್ಟವಾಗಿ ಹೇಳುತ್ತದೆ. ರಾತ್ರಿ ಹನ್ನೊಂದಕ್ಕೆ ಬೇಸ್‌ಮೆಂಟಿನಲ್ಲಿ ಕಳ್ಳನನ್ನು ಹಿಡಿದು, ಬೆಳಗ್ಗೆ ಅಧ್ಯಕ್ಷರು ಬರಲಿ ಅಂತ ಗಾರ್ಡ್ ರೂಮಿನಲ್ಲಿ ಕೂಡಿಹಾಕಿದರೆ ಗಾರ್ಡೇ ಕೇಸಿಗೆ ಸಿಕ್ಕಿಕೊಳ್ಳುತ್ತಾನೆ. ಕಲಿಸುವವರಿಗೇ ಇದು ಗೊತ್ತಿರಲಿಲ್ಲ.

ಕೇಂದ್ರಕ್ಕೆ ಹೋದಾಗ ಮೊದಲು ವೇಳಾಪಟ್ಟಿ ಕೇಳಿ, ವಿಷಯದ ಎದುರು ಕಲಿಸುವವರ ಹೆಸರು ಬರೆಸಿ. ಒಂದೊಂದು ಹೆಸರಿಗೂ ಮೂಲ ಸರ್ಟಿಫಿಕೇಟ್ ಕೇಳಿ, ಜೆರಾಕ್ಸ್ ಬೇಡ. ಕೊಟ್ಟ ಸಂಸ್ಥೆ, ವಿಷಯ, ಅವಧಿ ಮುಗಿಯುವ ದಿನಾಂಕ ಮೂರನ್ನೂ ಗುರುತು ಹಾಕಿಕೊಳ್ಳಿ. ಕ್ಯೂಆರ್ ಕೋಡ್ ಇದ್ದರೆ ಅಲ್ಲೇ ಸ್ಕ್ಯಾನ್ ಮಾಡಿ, ಇಲ್ಲದಿದ್ದರೆ ಕೊಟ್ಟ ಸಂಸ್ಥೆಗೇ ಫೋನ್ ಮಾಡಿ. ಆಮೇಲೆ ಹಾಜರಿ ಪುಸ್ತಕದಲ್ಲಿ ಅದೇ ಹೆಸರಿನ ಸಹಿ ಇದೆಯೇ ನೋಡಿ. ಫೈಲಿನಲ್ಲಿ ಒಬ್ಬರು, ತರಗತಿಯಲ್ಲಿ ಇನ್ನೊಬ್ಬರು ಇದ್ದರೆ ಸಿಕ್ಕಿಬೀಳುವುದು ಅಲ್ಲೇ.

ಐದಕ್ಕೆ ಮೂರು ಅಂಕ. ಡ್ರಿಲ್‌ಗೆ, ಬೆಂಕಿ ಪಾಠಕ್ಕೆ ಧೈರ್ಯವಾಗಿ ಕಳಿಸಿ. ನೋಟ್ಸ್ ಹೊಸದಾಗಿ, ಅರ್ಹತೆಯಿರುವ ಪ್ರಥಮ ಚಿಕಿತ್ಸೆ ಶಿಕ್ಷಕರು ಬರುವವರೆಗೆ ಆ ಎರಡು ವಿಷಯಗಳನ್ನು ಬೇರೆ ಕಡೆ ಕಲಿಸಿ.