ಕಣ್ಣು, ರೇಡಿಯೋ, ಪರದೆ: ಬಾರಾಮತಿಯ ಸರ್ಕಿಟ್‌ನಲ್ಲಿ ಯಾವುದನ್ನು ಎಷ್ಟು ನಂಬಬೇಕು?

ಸಣ್ಣ ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆಯುವುದು ರಾತ್ರಿ ಹೊತ್ತು, ಇಲ್ಲಾ ಮೋಡದಲ್ಲಿ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹೆಚ್ಚಿನವು ಆಗುವುದು ಹಾಡಹಗಲಲ್ಲಿ, ಒಳ್ಳೆ ಹವೆಯಲ್ಲಿ, ರನ್‌ವೇ ಹತ್ತಿರದಲ್ಲೇ. ಎಲ್ಲರೂ ಬಂದು ಸೇರುವ ಜಾಗ ಅದೇ ಅಲ್ವಾ? 2025ರ ಜುಲೈನಲ್ಲಿ ಕೆನಡಾದ ಮ್ಯಾನಿಟೋಬಾದಲ್ಲಿ ಇಬ್ಬರು ವಿದ್ಯಾರ್ಥಿ ಪೈಲಟ್‌ಗಳು ಹೀಗೆ ತೀರಿಕೊಂಡರು. ಒಬ್ಬೊಬ್ಬರೂ ಒಂದೊಂದು ಸೆಸ್ನಾ ತರಬೇತಿ ವಿಮಾನದಲ್ಲಿದ್ದರು, ಇಬ್ಬರೂ ಒಂದೇ ಹೊತ್ತಿಗೆ ಇಳಿಯಲು ಬಂದಿದ್ದರು. ಒಬ್ಬ ಹುಡುಗ ಕೇರಳದವನು. ಆ ಸುದ್ದಿ ಬಂದಾಗ ನನ್ನ ಹತ್ತಿರ ಕಲಿಯುವ ಮಕ್ಕಳ ಮುಖ ನೋಡುವುದೇ ಕಷ್ಟವಾಯಿತು.

ನಾನು ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಹಾರಾಟ ಕಲಿಸುತ್ತೇನೆ. ವಿಜಯಪುರ, ಕಲಬುರಗಿ ಕಡೆಯ ಮಕ್ಕಳೂ ಬರುತ್ತಾರೆ. ಮುಂಬೈ ಏರ್‌ಪೋರ್ಟ್‌ನಲ್ಲಿ ಕಂಟ್ರೋಲರ್ ಒಬ್ಬೊಬ್ಬರಿಗೂ ದಾರಿ ಹೇಳುವ ಹಾಗೆ ಇಲ್ಲಿಲ್ಲ. ಯಾರು ಎಲ್ಲಿದ್ದಾರೆ ಅಂತ ಫ್ಲೈಯಿಂಗ್ ಸ್ಕೂಲಿನವರೇ ರೇಡಿಯೋದಲ್ಲಿ ತಿಳಿಸುತ್ತಾರೆ. ಅಂತರ ಕಾಯ್ದುಕೊಳ್ಳುವ ಹೊಣೆ ಪೈಲಟ್‌ನದು. ಅದರಲ್ಲೂ ಸರ್ಕಿಟ್‌ನಲ್ಲಿ, ಅಂದರೆ ಇಳಿಯುವ ಮುಂಚೆ ರನ್‌ವೇ ಪಕ್ಕ ಹಾಕುವ ಆಯತಾಕಾರದ ಸುತ್ತಿನಲ್ಲಿ. ಅದಕ್ಕೇ ಬೇರೆ ವಿಮಾನ ಎಲ್ಲಿದೆ ಅಂತ ತಿಳಿಯಲು ನಮ್ಮ ಕೈಯಲ್ಲಿರುವ ಮೂರು ದಾರಿಗಳನ್ನೂ ಒಂದೊಂದಾಗಿ ಒರೆಗೆ ಹಚ್ಚಿ ನೋಡಿದೆ.

ಮೊದಲು ಕಣ್ಣು. ದುಡ್ಡು ಬೇಡ, ಬ್ಯಾಟರಿ ಬೇಡ. ಎದುರಿನ ವಿಮಾನದಲ್ಲಿ ಯಾವ ಯಂತ್ರ ಇದೆ, ಇಲ್ಲ ಅನ್ನುವ ಪ್ರಶ್ನೆಯೂ ಇಲ್ಲ. ಆದರೆ ಕಣ್ಣಿಗೆ ಸಮಯ ಬೇಕು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಕೊಡುವ ಲೆಕ್ಕ ಹೀಗಿದೆ: ಚುಕ್ಕೆ ಕಂಡ ಕ್ಷಣದಿಂದ ಅದು ವಿಮಾನ ಅಂತ ಗುರುತಿಸಿ, ನಮ್ಮ ಮೇಲೇ ಬರುತ್ತಿದೆ ಅಂತ ಅರಿತು, ತಿರುಗಿಸಲು ತೀರ್ಮಾನಿಸಿ, ವಿಮಾನ ನಿಜವಾಗಿ ಹೊರಳುವ ಹೊತ್ತಿಗೆ 12.5 ಸೆಕೆಂಡ್. ಎರಡು ಸೆಸ್ನಾ 100 ನಾಟ್ (ಗಂಟೆಗೆ ಸುಮಾರು 185 ಕಿಲೋಮೀಟರ್) ವೇಗದಲ್ಲಿ ಎದುರುಬದುರು ಬಂದರೆ ಅಷ್ಟರಲ್ಲಿ ಸುಮಾರು 1.3 ಕಿಲೋಮೀಟರ್ ಅಂತರ ಮುಗಿದಿರುತ್ತದೆ. ಅಷ್ಟು ದೂರದ ಸೆಸ್ನಾ ಗಾಜಿನ ಮೇಲೆ ಕೂತ ನೊಣದಷ್ಟೂ ಕಾಣುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಕೆಟ್ಟದ್ದು. ಡಿಕ್ಕಿ ಆಗುವ ದಾರಿಯಲ್ಲಿರುವ ವಿಮಾನ ಗಾಜಿನ ಮೇಲೆ ಸರಿದಾಡುವುದಿಲ್ಲ. ಒಂದೇ ಜಾಗದಲ್ಲಿ ನಿಂತಿರುತ್ತದೆ, ಕೊನೆಯಲ್ಲಿ ಒಮ್ಮೆಲೇ ದೊಡ್ಡದಾಗುತ್ತದೆ. ನಮ್ಮ ಕಣ್ಣು ಚಲನೆಯನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಬಿಟ್ಟುಬಿಡುತ್ತದೆ. ಅದಕ್ಕೇ ಸುಮ್ನೆ ಕಣ್ಣು ಹಾಯಿಸಿದರೆ ಪ್ರಯೋಜನವಿಲ್ಲ. ಆಕಾಶವನ್ನು ಹತ್ತತ್ತು ಡಿಗ್ರಿಯ ತುಂಡು ಮಾಡಿ, ಒಂದೊಂದರಲ್ಲೂ ಒಂದು ಸೆಕೆಂಡಾದರೂ ಕಣ್ಣು ನಿಲ್ಲಿಸಬೇಕು. ಹೊಸಬರು ಇದನ್ನು ಮಾಡುವುದೇ ಇಲ್ಲ. ಅವರ ಕಣ್ಣು ಮೀಟರ್‌ಗಳ ಮೇಲೇ ಇರುತ್ತದೆ.

ಬಾರಾಮತಿಯ ರನ್‌ವೇ 11ರಲ್ಲಿ, ಅಂದರೆ ಪೂರ್ವ-ಆಗ್ನೇಯಕ್ಕೆ ಮುಖ ಮಾಡಿ, ಚಳಿಗಾಲದ ಬೆಳಗ್ಗೆ ಇಳಿಯುವಾಗ ಸೂರ್ಯ ನೇರ ಮುಖಕ್ಕೆ ಬಡಿಯುತ್ತಾನೆ. ಮುಂದಿರುವ ವಿಮಾನ ಆ ಬೆಳಕಿನಲ್ಲಿ ಕರಗಿಹೋಗುತ್ತದೆ. ಸೆಸ್ನಾದಲ್ಲಿ ರೆಕ್ಕೆ ತಲೆಯ ಮೇಲಿದೆ. ಎಡಕ್ಕೆ ವಾಲಿಸಿ ತಿರುಗುವಾಗ ಎಡ ರೆಕ್ಕೆ ಕೆಳಗಿಳಿದು, ನಾವು ಹೋಗಬೇಕಾದ ಕಡೆಯನ್ನೇ ಮುಚ್ಚುತ್ತದೆ. ರೆಕ್ಕೆ ಕೆಳಗಿರುವ ವಿಮಾನದಲ್ಲಿ ಹಾರಿದಾಗ ಆ ತೊಂದರೆ ಇಲ್ಲ, ಆದರೆ ನೇರ ಕೆಳಗಿನದು ಕಾಣುವುದಿಲ್ಲ. ಮೇಲೆ ರೆಕ್ಕೆ ಕೆಳಗಿರುವ ವಿಮಾನ, ಕೆಳಗೆ ರೆಕ್ಕೆ ಮೇಲಿರುವ ವಿಮಾನ, ಇಬ್ಬರೂ ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರ ಇಳಿಯುವ ಕೊನೆಯ ಹಾದಿಯಲ್ಲಿ: ಒಬ್ಬರಿಗೊಬ್ಬರು ಕಾಣದೇ ಇಳಿಯುತ್ತಾ ಹೋಗಬಹುದು.

ಆ ಕುರುಡು ಜಾಗವನ್ನು ತುಂಬುವುದು ರೇಡಿಯೋ. ನನ್ನ ಅನುಭವದಲ್ಲಿ ಸರ್ಕಿಟ್ ಒಳಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಆದರೆ ಏನು ಹೇಳುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಡೌನ್‌ವಿಂಡ್ ಅಂದರೆ ಸರ್ಕಿಟ್‌ನಲ್ಲಿ ರನ್‌ವೇ ಪಕ್ಕ, ಇಳಿಯುವ ದಿಕ್ಕಿಗೆ ಉಲ್ಟಾ ಹಾರುವ ಭಾಗ. ಬರೀ "ಡೌನ್‌ವಿಂಡ್" ಅಂತ ಹೇಳಿದರೆ ಅರ್ಧ ಮಾಹಿತಿ. ಎತ್ತರ ಎಷ್ಟು, ಸರದಿಯಲ್ಲಿ ಎಷ್ಟನೆಯವರು, ಇಳಿದು ನಿಲ್ಲುತ್ತೀರಾ ಅಥವಾ ಮುಟ್ಟಿ ಮತ್ತೆ ಏರುತ್ತೀರಾ, ಇಷ್ಟೂ ಬಂದರೆ ಕೇಳುವವರ ತಲೆಯಲ್ಲಿ ಚಿತ್ರ ಮೂಡುತ್ತದೆ.

ರೇಡಿಯೋ ಒಂದೇ ಸಾಕಾ? ಸಾಲದು. 2022ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಸೆಸ್ನಾ 152 ಸರ್ಕಿಟ್‌ನಲ್ಲಿತ್ತು. ಎರಡು ಎಂಜಿನ್‌ನ ಸೆಸ್ನಾ 340 ನೇರವಾಗಿ ಫೈನಲ್‌ಗೆ ಬಂತು. ಅಲ್ಲೂ ದಾರಿ ಹೇಳುವ ಕಂಟ್ರೋಲ್ ಟವರ್ ಇಲ್ಲ. ಇಬ್ಬರೂ ರೇಡಿಯೋದಲ್ಲಿ ತಮ್ಮ ಜಾಗ ಹೇಳುತ್ತಲೇ ಇದ್ದರು. ಆದರೂ ಡಿಕ್ಕಿಯಾಗಿ 3 ಜನ ಸತ್ತರು. ದೊಡ್ಡದರ ವೇಗ ಅಲ್ಲಿಗೆ ವಿಪರೀತ ಜಾಸ್ತಿ ಇತ್ತು. "ಮೂರು ಮೈಲಿ ಫೈನಲ್" ಅಂತ ಕೇಳಿಸಿದಾಗ ತರಬೇತಿ ವಿಮಾನದವರು ತಮ್ಮ ವೇಗದಲ್ಲಿ ಲೆಕ್ಕ ಹಾಕುತ್ತಾರೆ. ಬರುವವರು ಸುಮಾರು ಎರಡು ಪಟ್ಟು ವೇಗದಲ್ಲಿದ್ದರೆ ಆ ಲೆಕ್ಕವೇ ತಲೆಕೆಳಗು. ಅದಕ್ಕೇ ಯಾರಾದರೂ ಸ್ಟ್ರೇಟ್-ಇನ್ (ಸುತ್ತು ಹಾಕದೆ ನೇರ ಫೈನಲ್‌ಗೆ) ಬರುತ್ತೇನೆ ಅಂದರೆ ವಿಮಾನ ಯಾವುದು ಅಂತ ಕೇಳಿ ಅಂತ ಮಕ್ಕಳಿಗೆ ಹೇಳುತ್ತೇನೆ.

ಇನ್ನು ಪರದೆ. ಎಡಿಎಸ್-ಬಿ ಅನ್ನುವ ಯಂತ್ರ ಅಳವಡಿಸಿದ ವಿಮಾನ ತನ್ನ ಜಾಗ, ಎತ್ತರ, ವೇಗವನ್ನು ತಾನೇ 1090 ಮೆಗಾಹರ್ಟ್ಸ್‌ನಲ್ಲಿ ಸಾರುತ್ತಿರುತ್ತದೆ. ಅಂಗೈಯಲ್ಲಿ ಹಿಡಿಯುವ ರಿಸೀವರ್ ಅದನ್ನು ಹಿಡಿದು ಟ್ಯಾಬ್ಲೆಟ್ ಮೇಲೆ ತೋರಿಸುತ್ತದೆ. ಪುಣೆ ಕಡೆಗೆ ಕ್ರಾಸ್-ಕಂಟ್ರಿ (ಊರಿಂದ ಊರಿಗೆ) ಹಾರುವಾಗ ಇದರ ಬೆಲೆ ಗೊತ್ತಾಯಿತು. ಕಣ್ಣಿಗೆ ಏನೂ ಕಾಣದ ದೂರದಲ್ಲೇ "ಎಡಕ್ಕೆ, 500 ಅಡಿ ಮೇಲೆ" ಅಂತ ಗೊತ್ತಾದರೆ, ಕಣ್ಣನ್ನು ಎಲ್ಲಿ ಇಡಬೇಕು ಅಂತಲೂ ಗೊತ್ತಾಗುತ್ತದೆ. ಈ ವಿಷಯದಲ್ಲಿ ಉಳಿದೆರಡೂ ಇದರ ಹತ್ತಿರ ಸುಳಿಯಲಾರವು.

ಸರ್ಕಿಟ್ ಒಳಗೆ ಮಾತ್ರ ಕಥೆ ಬೇರೆ. ಹಳೆಯ ಟ್ರಾನ್ಸ್‌ಪಾಂಡರ್ (ರೇಡಾರ್ ಕೇಳಿದಾಗ ಉತ್ತರಿಸುವ ಯಂತ್ರ) ಮಾತ್ರ ಇರುವ ವಿಮಾನ ತಾನಿರುವ ಜಾಗವನ್ನು ಸಾರುವುದಿಲ್ಲ, ಪರದೆಯಲ್ಲಿ ಬರುವುದೂ ಇಲ್ಲ. ಅಮೆರಿಕದಲ್ಲಿ ನೆಲದ ಕೇಂದ್ರಗಳು ರೇಡಾರ್‌ನಲ್ಲಿ ಕಂಡ ಇಂಥ ವಿಮಾನಗಳ ಮಾಹಿತಿಯನ್ನೂ ಕಳಿಸುತ್ತವೆ. ಇಲ್ಲಿ ಆ ಅನುಕೂಲ ಇಲ್ಲ. ನಮ್ಮದೇ ವಿಮಾನದ ಮೈ ಅಡ್ಡ ಬಂದು ಸಿಗ್ನಲ್ ತಪ್ಪುವುದೂ ಉಂಟು. ಒಮ್ಮೆ ವಿಜಯಪುರದ ಹುಡುಗ ಬೇಸ್‌ಗೆ, ಅಂದರೆ ಡೌನ್‌ವಿಂಡ್‌ನಿಂದ ಫೈನಲ್‌ಗೆ ಹೋಗುವ ಅಡ್ಡ ಭಾಗಕ್ಕೆ, ತಿರುಗುವ ಮುಂಚೆ "ಸರ್, ಸ್ಕ್ರೀನ್ ಕ್ಲಿಯರ್ ಇದೆ" ಅಂದ. "ತಮ್ಮಾ, ಸ್ಕ್ರೀನ್ ಬಿಡು, ಹೊರಗೆ ನೋಡು" ಅಂದೆ. ಫೈನಲ್‌ನಲ್ಲಿ ಒಂದು ವಿಮಾನ ಇಳಿಯುತ್ತಿತ್ತು. ಖಾಲಿ ಪರದೆ ಅಂದರೆ ಖಾಲಿ ಆಕಾಶ ಅಂತ ನಂಬುವುದು ಈ ಯಂತ್ರದ ದೊಡ್ಡ ಅಪಾಯ. ತಲೆ ತಗ್ಗಿಸಿ ನೋಡುವ ಸೆಕೆಂಡುಗಳೂ ಕಣ್ಣಿನ ಲೆಕ್ಕದಿಂದಲೇ ಹೋಗುತ್ತವೆ.

ದೊಡ್ಡ ವಿಮಾನಗಳಲ್ಲಿ ಡಿಕ್ಕಿ ತಪ್ಪಿಸಲು ಇರುವ ಟಿಸಿಎಎಸ್ ಯಂತ್ರ ಇದಕ್ಕಿಂತ ಎಷ್ಟೋ ಮೇಲು. ಏರು, ಇಳಿ ಅಂತ ಅದೇ ಹೇಳುತ್ತದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯಲ್ಲಿ ಎರಡು ದೊಡ್ಡ ವಿಮಾನ ಡಿಕ್ಕಿಯಾಗಿ 349 ಜನ ಸತ್ತ ಮೇಲೆ ಭಾರತ ಅದನ್ನು ಕಡ್ಡಾಯ ಮಾಡಿತು. ತರಬೇತಿ ಸೆಸ್ನಾಗೆ ಅದು ಎಟುಕುವ ಮಾತಲ್ಲ. ಗ್ಲೈಡರ್‌ನವರಿಗಾಗಿ ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿದ ಫ್ಲಾರ್ಮ್ ಅನ್ನುವ ಎಚ್ಚರಿಕೆ ಯಂತ್ರ ಒಳ್ಳೆಯದೇ, ಆದರೆ ಇಬ್ಬರ ಹತ್ತಿರವೂ ಇದ್ದರೆ ಮಾತ್ರ.

ಹಾಗಾಗಿ ನಾನು ಕೆಲಸ ಹಂಚಿದ್ದೇನೆ. ರನ್‌ವೇಯಿಂದ ಹತ್ತು ಮೈಲಿ ಆಚೆ ಪರದೆ ಮುಂದೆ, ಕಣ್ಣು ಅದರ ಹಿಂದೆ. ಐದು ಮೈಲಿಯೊಳಗೆ ರೇಡಿಯೋ ಮತ್ತು ಕಣ್ಣು, ಲ್ಯಾಂಡಿಂಗ್ ಲೈಟ್ ಆನ್. ಡೌನ್‌ವಿಂಡ್ ಸೇರಿದ ಮೇಲೆ ಪರದೆ ನೋಡುವ ಹಾಗಿಲ್ಲ, ಹೆಡ್‌ಸೆಟ್‌ನಲ್ಲಿ ಅದರ ಎಚ್ಚರಿಕೆ ದನಿ ಕೇಳಿದರೆ ಸಾಕು.

ರಿಸೀವರ್ ಕೊಳ್ಳಲೋ ಬೇಡವೋ ಅಂತ ಕೇಳುವವರಿಗೆ ಒಂದೇ ಮಾತು ಹೇಳುತ್ತೇನೆ. ನಿಮ್ಮ ಫೀಲ್ಡ್‌ನಲ್ಲಿ ಹಾರುವ ವಿಮಾನಗಳಲ್ಲಿ ಎಡಿಎಸ್-ಬಿ ಸಾರುವವು ಎಷ್ಟು ಅಂತ ಮೊದಲು ಎಂಜಿನಿಯರ್‌ಗಳ ಹತ್ತಿರ ಕೇಳಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಆ ದುಡ್ಡನ್ನು ಒಳ್ಳೆಯ ಹೆಡ್‌ಸೆಟ್‌ಗೆ ಹಾಕಿ. ಕೊಂಡರೂ ಹೆಡ್‌ಸೆಟ್‌ಗೆ ದನಿ ಕೊಡುವ ಮಾದರಿಯನ್ನೇ ಕೊಳ್ಳಿ.