ಟಿಕೆಟ್‌ಗಳ ಸಿಕ್ಕು ಬಿಡಿಸಲು: ಮರ್‌ಮೇಡ್ ಸಾಕೋ, ಗ್ರಾಫ್‌ವಿಜ್ ಬೇಕೋ?

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮದು ಆರು ಜನರ ತಂಡ. ಕೆಲಸಗಳ ಲೆಕ್ಕ ಇಡುವ ಜಿರಾ ತಂತ್ರಾಂಶದಲ್ಲಿ ಟಿಕೆಟ್‌ಗಳ (ಒಂದೊಂದು ಕೆಲಸದ ನಮೂದುಗಳ) ಪಟ್ಟಿ ಉದ್ದಕ್ಕೆ ಕಾಣುತ್ತದೆ. ಯಾವುದು ಯಾವುದಕ್ಕೆ ಅಡ್ಡ ನಿಂತಿದೆ ಅಂತ ಮಾತ್ರ ತಿಳಿಯುವುದಿಲ್ಲ. ಪ್ರತಿ ಟಿಕೆಟ್‌ಗೆ ಒಂದು ಚೌಕ, ಪ್ರತಿ 'ಬ್ಲಾಕ್ಸ್' (ಅಡ್ಡ ನಿಂತಿದೆ ಎನ್ನುವ) ಲಿಂಕ್‌ಗೆ ಒಂದು ಬಾಣ ಹಾಕಿದರೆ ಸಿಕ್ಕು ಕಣ್ಣಿಗೇ ಕಾಣುತ್ತದೆ, ಅಲ್ವಾ?

ಬರೆದ ಸಾಲುಗಳನ್ನೇ ಚಿತ್ರ ಮಾಡುವ ಮರ್‌ಮೇಡ್ ಸುಲಭ. ಕೋಡ್ ಇಡುವ ತಾಣ ಗಿಟ್‌ಹಬ್ 2022ರಿಂದ ಅದನ್ನು ನೇರವಾಗಿ ತೋರಿಸುತ್ತದೆ. ಇಶ್ಯೂ (ಅಲ್ಲಿನ ಟಿಕೆಟ್) ಒಳಗೇ ನಾಲ್ಕು ಸಾಲು ಬರೆದರೆ ಚಿತ್ರ ಬರುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಇಪ್ಪತ್ತು-ಮೂವತ್ತು ಟಿಕೆಟ್ ಇದ್ದರೆ ಇದೇ ಸಾಕು.

ನೂರು ದಾಟಿದರೆ ನಾನು ಗ್ರಾಫ್‌ವಿಜ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಹಿಡಿಯುತ್ತೇನೆ. ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದು, ಜಿರಾದ ಎಪಿಐನಿಂದ (ಪ್ರೋಗ್ರಾಂಗಳು ಮಾಹಿತಿ ಪಡೆಯುವ ದಾರಿ) ಲಿಂಕ್‌ಗಳನ್ನು ತೆಗೆದು, ಗ್ರಾಫ್‌ವಿಜ್ ಓದುವ ಡಾಟ್ ಫೈಲ್ ಮಾಡಬೇಕು. ಶುರುವಿನಲ್ಲಿ ಕೆಲಸ ಜಾಸ್ತಿ. ಆದರೆ ಗ್ರಾಫ್‌ವಿಜ್ ಜೊತೆ ಬರುವ 'ಟಿರೆಡ್' ಎಂಬ ಸಣ್ಣ ಸಾಧನ ನನಗೆ ತುಂಬಾ ಇಷ್ಟ. ಡೇಟಾಬೇಸ್ ಆದಮೇಲೆ ಎಪಿಐ, ಎಪಿಐ ಆದಮೇಲೆ ಸ್ಕ್ರೀನ್ ಎಂದಿದ್ದರೆ, ಡೇಟಾಬೇಸ್‌ನಿಂದ ಸ್ಕ್ರೀನ್‌ಗೆ ಇರುವ ನೇರ ಬಾಣ ಸುಮ್ನೆ ಹೊರೆ. ಅದನ್ನು ಟಿರೆಡ್ ಅಳಿಸುತ್ತದೆ. ಬಾಣಗಳು ಸುತ್ತಿ ಶುರುವಾದ ಕಡೆಗೇ ಬಂದಿದ್ದರೆ ಎಚ್ಚರಿಸುತ್ತದೆ ಕೂಡ. ಎರಡು ಟಿಕೆಟ್ ಒಂದನ್ನೊಂದು ಕಾಯುತ್ತಾ ಕುಳಿತದ್ದು ನಮಗೆ ಸಿಕ್ಕಿದ್ದು ಹಾಗೇ.

ಜಿರಾಕ್ಕೆ ಸೇರಿಸಿಕೊಳ್ಳುವ ದುಡ್ಡಿನ ಪ್ಲಗಿನ್‌ಗಳೂ ಇವೆ. ಮ್ಯಾನೇಜರ್ ತಾವೇ ಕ್ಲಿಕ್ ಮಾಡಿ ನೋಡಬೇಕು ಅಂದರೆ ಮಾತ್ರ ಅವನ್ನು ಕೊಳ್ಳಿ.