ಗಲಿಪೊಲಿ (1981): ಯುದ್ಧಕ್ಕಿಂತ ಓಟವೇ ಜಾಸ್ತಿ, ಅದಕ್ಕೇ ಇಷ್ಟವಾಯಿತು

ಬಾಂಬು, ಗುಂಡು ನೋಡಲು ಕೂತರೆ ಮೊದಲ ಒಂದು ಗಂಟೆ ಬೋರ್ ಆಗಬಹುದು, ಮೊದಲೇ ಹೇಳಿಬಿಡುತ್ತೇನೆ. ಪೀಟರ್ ವಿಯರ್ ನಿರ್ದೇಶಿಸಿದ ಈ ಆಸ್ಟ್ರೇಲಿಯಾ ಸಿನಿಮಾದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಯುದ್ಧವೇ ಇಲ್ಲ. ಇಬ್ಬರು ಹುಡುಗರು ಓಡುತ್ತಾರೆ, ಬಾಜಿ ಕಟ್ಟುತ್ತಾರೆ, ಕಾಸಿಲ್ಲದೆ ರೈಲು ಹತ್ತುತ್ತಾರೆ, ಮರುಭೂಮಿ ದಾಟುತ್ತಾರೆ. ನನಗೆ ಸಿನಿಮಾ ಹಿಡಿಸಿದ್ದೇ ಇದಕ್ಕೆ. ಗೆಳೆತನದ ಬಗ್ಗೆ ಡೈಲಾಗ್ ಹೊಡೆಯದೆ, ಅದು ಬೆಳೆಯಲು ಬೇಕಾದಷ್ಟು ಟೈಮ್ ಕೊಟ್ಟಿದ್ದಾರೆ.

ಕಥೆ 1915ರದು, ಮೊದಲ ಮಹಾಯುದ್ಧದ ಕಾಲ. ಆರ್ಚಿ (ಮಾರ್ಕ್ ಲೀ) ಪಶ್ಚಿಮ ಆಸ್ಟ್ರೇಲಿಯಾದಲ್ಲಿ ದನ ಸಾಕುವ ಮನೆಯ ಹುಡುಗ, 18 ವರ್ಷ, ಭಾರೀ ಓಟಗಾರ. ಸೈನ್ಯಕ್ಕೆ ಸೇರಲೇಬೇಕು ಅಂತ ಹಠ, ಅದಕ್ಕೆ ವಯಸ್ಸು ಸುಳ್ಳು ಹೇಳಲೂ ರೆಡಿ. ಫ್ರಾಂಕ್ (ಮೆಲ್ ಗಿಬ್ಸನ್, ಆಗಿನ್ನೂ ಹಾಲಿವುಡ್ ಮುಟ್ಟಿರಲಿಲ್ಲ) ರೈಲ್ವೆ ಕೂಲಿ ಕೆಲಸ ಬಿಟ್ಟು ಬಂದವನು. ಅಪ್ಪ ಐರಿಷ್ ಮೂಲದವನು, ಬ್ರಿಟಿಷರ ಯುದ್ಧಕ್ಕೆ ನಾನ್ಯಾಕೆ ಸಾಯಲಿ ಅನ್ನುವುದು ಮಗನ ಲೆಕ್ಕ. ಇಬ್ಬರೂ ಒಂದು ಓಟದ ಪಂದ್ಯದಲ್ಲಿ ಎದುರಾಗುತ್ತಾರೆ, ಫ್ರಾಂಕ್ ಸೋತು ದುಡ್ಡೂ ಕಳೆದುಕೊಳ್ಳುತ್ತಾನೆ, ಅಲ್ಲಿಂದ ದೋಸ್ತಿ ಶುರು.

ಒಣಗಿದ ಉಪ್ಪಿನ ಕೆರೆಯನ್ನು ನಡೆದು ದಾಟುವಾಗ ಅವರಿಗೊಬ್ಬ ಒಂಟೆಯವನು ಸಿಗುತ್ತಾನೆ. ಯುದ್ಧ ನಡೀತಿದೆ ಅನ್ನುವುದೇ ಅವನಿಗೆ ಗೊತ್ತಿಲ್ಲ. ಹೇಗೆ ಶುರುವಾಯಿತು ಅಂತ ಕೇಳುತ್ತಾನೆ, ಆರ್ಚಿಗೂ ಸರಿಯಾಗಿ ಗೊತ್ತಿಲ್ಲ, ಜರ್ಮನಿಯವರದ್ದೇ ತಪ್ಪು ಅನ್ನುತ್ತಾನೆ. ಅವರನ್ನು ತಡೆಯದಿದ್ದರೆ ಇಲ್ಲಿಗೂ ಬಂದಾರು ಅಂದಾಗ, ಆ ಮುದುಕ ಸುತ್ತಲಿನ ಬಟಾಬಯಲನ್ನು ಒಮ್ಮೆ ನೋಡಿ, ಬಂದರೆ ಬರಲಿ ಬಿಡಪ್ಪ ಅನ್ನುವ ಅರ್ಥದಲ್ಲಿ ಒಂದು ಮಾತು ಹೇಳುತ್ತಾನೆ. ಜೋರಾಗಿ ನಕ್ಕುಬಿಟ್ಟೆ. ಇಡೀ ಸಿನಿಮಾದ ನಿಲುವು ಆ ಒಂದು ಸೀನಲ್ಲೇ ಇದೆ, ಅಲ್ವಾ?

ಇಬ್ಬರೂ ಸೈನ್ಯಕ್ಕೆ ಸೇರಿ ತರಬೇತಿಗೆ ಬರುವ ಕೈರೋ ಭಾಗ ನನಗೆ ಅಷ್ಟಕ್ಕಷ್ಟೇ. ಫ್ರಾಂಕ್‌ನ ಹಳೇ ಗೆಳೆಯರು ಬಿಲ್ಲಿ, ಬಾರ್ನಿ, ಸ್ನೋಯಿ ಸೇರಿ ಮಾಡುವ ತಮಾಷೆ ಚೆನ್ನಾಗಿದೆ. ಆದರೆ ಏನೂ ತಪ್ಪು ಮಾಡದ ಈಜಿಪ್ಟಿನ ಅಂಗಡಿಯವನ ಸಾಮಾನು ಒಡೆದುಹಾಕುವುದನ್ನೂ ತಮಾಷೆ ಅಂತಲೇ ತೋರಿಸುತ್ತಾರೆ, ಅದಕ್ಕೆ ನಗು ಬರುವುದಿಲ್ಲ. ಇನ್ನೊಂದು ಕಿರಿಕಿರಿ ಮ್ಯೂಸಿಕ್ಕು. ಓಟದ ಸೀನುಗಳಿಗೆ ಜೀನ್ ಮಿಷೆಲ್ ಜಾರ್‌ನ ಸಿಂಥಸೈಸರ್ (ಎಲೆಕ್ಟ್ರಾನಿಕ್) ಸಂಗೀತ ಹಾಕಿದ್ದಾರೆ, 1915ರ ಹುಡುಗರು ಓಡುವಾಗ ಅದು ಸುಮ್ನೆ ಕಿವಿಗೆ ಅಡ್ಡ ಬರುತ್ತದೆ.

ಕೊನೆಯ ಭಾಗ ಮಾತ್ರ ಅಲ್ಲಾಡಲು ಬಿಡುವುದಿಲ್ಲ. ದಾಳಿಯ ಹಿಂದಿನ ರಾತ್ರಿ ಮೇಜರ್ ಬಾರ್ಟನ್ ಒಬ್ಬನೇ ಕೂತು ಗ್ರಾಮೋಫೋನ್‌ನಲ್ಲಿ ಫ್ರೆಂಚ್ ಸಂಗೀತಗಾರ ಬಿಜೆಯ ಒಪೆರಾ (ಸಂಗೀತ ನಾಟಕ) ಹಾಡು ಕೇಳುತ್ತಾನೆ, ಅದು ಇಬ್ಬರು ಗೆಳೆಯರು ಜೊತೆಯಲ್ಲಿ ಹಾಡುವ ಹಾಡು. ಸಂದೇಶ ಒಯ್ಯುವ ಓಟಗಾರನ ಕೆಲಸ ಆರ್ಚಿಗೆ ಬಂದಾಗ, ಅವನು ಅದನ್ನು ಫ್ರಾಂಕ್‌ಗೆ ಕೊಡಿಸುತ್ತಾನೆ. ಮುಂದಿನದು ನೀವೇ ನೋಡಿ.

ಈ ದಾಳಿ ನಿಜಕ್ಕೂ ನಡೆದದ್ದು. 1915ರ ಆಗಸ್ಟ್ 7, ಟರ್ಕಿಯ ಗಲಿಪೊಲಿಯಲ್ಲಿ ನೆಕ್ ಅನ್ನುವ ಇಕ್ಕಟ್ಟಾದ ಜಾಗ. ಗಡಿಯಾರಗಳು ಹೊಂದದೆ ಫಿರಂಗಿ ದಾಳಿ ಏಳು ನಿಮಿಷ ಮುಂಚೆಯೇ ನಿಂತುಹೋಯಿತು. ಟರ್ಕರು ಮತ್ತೆ ಕಂದಕಕ್ಕೆ ಬಂದು ಮೆಷಿನ್ ಗನ್ ಹಿಡಿದು ಕಾದರು. ಇಷ್ಟಾದರೂ ಲೈಟ್ ಹಾರ್ಸ್ ಅನ್ನುವ ಆಸ್ಟ್ರೇಲಿಯಾದ ಕುದುರೆ ಪಡೆಯ ಸೈನಿಕರನ್ನು ಸಾಲುಸಾಲಾಗಿ ಕಳಿಸಿದರು, 234 ಜನ ಸತ್ತರು. ಆದರೆ ತಪ್ಪನ್ನು ಯಾರ ತಲೆಗೆ ಕಟ್ಟುವುದು ಅನ್ನುವಲ್ಲಿ ಸಿನಿಮಾ ಜಾರುತ್ತದೆ. ಹತ್ತಿರದ ಸುವ್ಲಾ ದಂಡೆಯಲ್ಲಿ ಬ್ರಿಟಿಷರು ಟೀ ಕುಡಿಯುತ್ತಾ ಕೂತಿದ್ದರು, ಅವರಿಗಾಗಿ ಈ ಹುಡುಗರು ಸತ್ತರು ಅನ್ನುವ ಹಾಗಿದೆ. ಅಸಲಿಗೆ ಆ ದಾಳಿ ಚುನುಕ್ ಬೈರ್ ಅನ್ನುವ ಗುಡ್ಡ ಹಿಡಿಯಲು ಹೊರಟಿದ್ದ ನ್ಯೂಜಿಲೆಂಡ್ ಪಡೆಗೆ ನೆರವಾಗಲು. ಮುಂದುವರಿಸಿ ಅಂತ ಪಟ್ಟು ಹಿಡಿದ ಆಂಟಿಲ್ ಅನ್ನುವ ಅಧಿಕಾರಿ ಕೂಡ ಆಸ್ಟ್ರೇಲಿಯಾದವನೇ. ಸಿನಿಮಾದಲ್ಲಿ ಅವನ ಜಾಗದಲ್ಲಿರುವ ಕರ್ನಲ್ಲನ ಉಚ್ಚಾರ ಕೇಳಿದರೆ ಬ್ರಿಟಿಷ್ ಅಧಿಕಾರಿ ಅಂತಲೇ ಅನ್ನಿಸುತ್ತದೆ. ಆಸ್ಟ್ರೇಲಿಯಾದವರೇ ತಮ್ಮವರನ್ನು ಸಾಯಲು ಕಳಿಸಿದರು ಅಂತ ತೋರಿಸಿದ್ದರೆ ಇನ್ನೂ ಗಟ್ಟಿಯಾಗುತ್ತಿತ್ತು.

ಅಂದಹಾಗೆ ಗಲಿಪೊಲಿಯಲ್ಲಿ ಸಿಖ್ಖರು, ಗೂರ್ಖಾಗಳೂ ಹೋರಾಡಿದ್ದರು, ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸಿದವರಲ್ಲೂ ಭಾರತೀಯರಿದ್ದರು. ಅವರ ಕಥೆಗೆ ಇಲ್ಲಿ ಜಾಗವಿಲ್ಲ. 1918ರಲ್ಲಿ ಹೈಫಾ (ಈಗಿನ ಇಸ್ರೇಲಿನ ಊರು) ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಇದ್ದದ್ದು ಹ್ಯಾರಿ ಶಾವೆಲ್ ಅನ್ನುವ ಆಸ್ಟ್ರೇಲಿಯನ್ ಜನರಲ್ಲನ ಕೈಕೆಳಗೆ, ಇದೇ ಲೈಟ್ ಹಾರ್ಸ್ ಕುದುರೆ ಪಡೆಗಳ ಜೊತೆಯಲ್ಲಿ. ಇದರ ಮೇಲೆ ಯಾರಾದರೂ ಒಂದು ಒಳ್ಳೆ ಕನ್ನಡ ಸಿನಿಮಾ ಮಾಡಬಾರದಾ?

ಐದಕ್ಕೆ ನಾಲ್ಕು ಕೊಡುತ್ತೇನೆ. ಚಿಕ್ಕ ಮಕ್ಕಳ ಜೊತೆ ಬೇಡ, ಕೈರೋದ ಕೆಲವು ಸೀನು ಮುಜುಗರ ತರಿಸುತ್ತವೆ. ಇನ್ನೊಂದು ಮಾತು, ಸಿನಿಮಾ ನೋಡುವ ಮುಂಚೆ ಪೋಸ್ಟರ್ ಹುಡುಕಲು ಹೋಗಬೇಡಿ. ಕೊನೆಯ ಶಾಟನ್ನೇ ತೆಗೆದು ಅದರ ಮೇಲೆ ಹಾಕಿದ್ದಾರೆ, ಯಾರ ಬುದ್ಧಿಯೋ ಏನೋ.